ಸಿಎ ಸೈಟಲ್ಲಿ ತರಕಾರಿ ತೋಟ ಮಾಡಬಹುದಾ?

ಪ್ರಶ್ನೆ (ವಿದ್ಯಾರಣ್ಯಪುರ ಕಡೆಯವರು): ಸರ್ ನಮಸ್ಕಾರ. ನಮ್ಮ ಬೀದಿ ಕೊನೇಲಿ ಒಂದು ಸಿಎ ಸೈಟು (ಶಾಲೆಯಂಥ ನಾಗರಿಕ ಸೌಲಭ್ಯಕ್ಕೆ ಅಂತ ಬಡಾವಣೇಲಿ ಮೀಸಲಿಟ್ಟ ಜಾಗ) ವರ್ಷಗಳಿಂದ ಖಾಲಿ ಬಿದ್ದಿದೆ. ಮನೆ ಒಡೆದ ಇಟ್ಟಿಗೆ, ಗಾರೆ ಎಲ್ಲಾ ತಂದು ಅಲ್ಲೇ ಸುರೀತಾರೆ. ಇಪ್ಪತ್ತು ಮನೆಯವರು ಸೇರಿ ಭಾನುವಾರ ಭಾನುವಾರ ಕೆಲಸ ಮಾಡಿ ತೋಟ ಮಾಡೋಣ ಅಂತಿದ್ದೀವಿ. ಮಾವು, ಹಲಸೂ ಇರಲಿ ಅಂತಾರೆ ಕೆಲವರು. ಹತ್ತು ಮಡಿಗೆ ಜಾಗ ಇದೆ. ಯಾವ ಗಿಡದಿಂದ ಶುರು ಮಾಡೋದು?

ಉತ್ತರ (ನಿವೃತ್ತ ತೋಟಗಾರಿಕೆ ಅಧಿಕಾರಿ): ಮೇಡಂ, ಗಿಡದ ಮಾತು ಆಮೇಲೆ. ಮೊದಲು ಜಾಗ ಯಾರದು ನೋಡಿ. ಸಿಎ ಸೈಟು ಸಾಮಾನ್ಯವಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು (ಬಿಡಿಎ). ನಾಳೆ ಯಾವುದೋ ಶಾಲೆಗೋ ಸಂಘಕ್ಕೋ ಗುತ್ತಿಗೆಗೆ ಹೋಗಬಹುದು. ಪಾರ್ಕಾಗಿದ್ದರೆ 1985ರ ಉದ್ಯಾನ, ಆಟದ ಮೈದಾನ ಸಂರಕ್ಷಣಾ ಕಾಯ್ದೆಯ ಆಸರೆ ಇರ್ತಿತ್ತು, ಇದಕ್ಕೆ ಅಷ್ಟು ಭದ್ರತೆ ಇಲ್ಲ. ಒಪ್ಪಿಗೆ ಬರವಣಿಗೇಲಿ ತಗೊಳ್ಳಿ. ಬಾಯಿಮಾತಲ್ಲಿ ಒಪ್ಪಿದ ಎಂಜಿನಿಯರಿಗೆ ವರ್ಗ ಆದ ದಿನ ಒಪ್ಪಿಗೇನೂ ವರ್ಗ ಆಗುತ್ತೆ! ಪಾಲಿಕೆಗೂ ಅರ್ಜಿ ಕೊಡೋದಾದ್ರೆ, 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವಲ್ಲ, ನಿಮ್ಮದು ಯಾವುದಕ್ಕೆ ಸೇರಿದೆ ಅಂತ ನೋಡ್ಕೊಳ್ಳಿ.

ಹಾಗಾಗಿ ಮಾವು, ಹಲಸು ಬೇಡ. ಜಾಗ ಬಿಡುವಾಗ ಹೊಟ್ಟೆ ಉರಿಯುತ್ತೆ. ಬಿಡದೇ ಇದ್ದರೂ ನಾಲ್ಕೈದು ವರ್ಷಕ್ಕೆ ನೆರಳು ಬಂದು ತರಕಾರಿ ಸೊರಗುತ್ತೆ.

ಇನ್ನು ನೀರು. ನಾನು ನೋಡಿದ ಇಂಥ ತೋಟಗಳಲ್ಲಿ ಹೆಚ್ಚಿನವು ಸತ್ತಿದ್ದು ರೋಗದಿಂದಲ್ಲ, ಏಪ್ರಿಲ್ ತಿಂಗಳಿಂದ. ಮಕ್ಕಳಿಗೆ ರಜ, ಅರ್ಧ ಬೀದಿ ಊರಿಗೆ ಹೋಗಿರುತ್ತೆ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಒಂದು ಮಡಿಗೆ ಬೇಸಿಗೇಲಿ ದಿನಕ್ಕೆ ಸುಮಾರು 20 ಲೀಟರ್ ಬೇಕು. ಹತ್ತು ಮಡಿಗೆ 200. ಸಾವಿರ ಲೀಟರಿನ ಟ್ಯಾಂಕ್ ಐದೇ ದಿನಕ್ಕೆ ಖಾಲಿ. ಕಾವೇರಿ ನೀರು ಹಾಕ್ತೀವಿ ಅನ್ನಬೇಡಿ. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಕೈತೋಟಕ್ಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ಮರೆತಿರಲಿಕ್ಕಿಲ್ಲ. ಪಕ್ಕದ ಮನೆಯವರ ಸಾವಿರ ಚದರಡಿ ತಾರಸಿಯಿಂದ ಪೈಪ್ ಎಳೆದರೆ, 25 ಮಿಲಿಮೀಟರಿನ ಒಂದು ಮಳೆಗೆ ಎರಡು ಸಾವಿರ ಲೀಟರ್ ಹತ್ತಿರ ಸಿಗುತ್ತೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ, ಸೊಳ್ಳೆ. ಆದರೆ ಆ ನೀರು ಏಪ್ರಿಲ್‌ವರೆಗೆ ಉಳಿಯಲ್ಲ. ಅದಕ್ಕೇ ಮೊದಲ ವರ್ಷ ನಾಲ್ಕೇ ಮಡಿ ಮಾಡಿ. ಬೇಸಿಗೇಲಿ ಎರಡಕ್ಕೆ ಮಾತ್ರ ನೀರು, ಉಳಿದೆರಡಕ್ಕೆ ತರಗೆಲೆ ಹೊದಿಸಿ ಬಿಟ್ಟುಬಿಡಿ. ಸಂಸ್ಕರಿಸಿದ ಕೊಳಚೆ ನೀರು ಹೂಗಿಡಕ್ಕೆ ಸರಿ, ಕೊತ್ತಂಬರಿಯಂಥ ಹಸಿಯಾಗಿ ತಿನ್ನೋ ಸೊಪ್ಪಿಗೆ ಬೇಡ.

ಗಾರೆ, ಇಟ್ಟಿಗೆ ತುಂಬಿದ ನೆಲ ಅಗೀತಾ ಕೂರಬೇಡಿ. ದೊಡ್ಡ ಚೂರು ಆರಿಸಿ ತೆಗೆದು, ಮೇಲೆ ಒಂದಡಿ ಎತ್ತರದ ಏರುಮಡಿ ಕಟ್ಟಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಗೊಬ್ಬರ. ಮೊದಲು ಹರಿವೆ, ಮೆಂತ್ಯ ಹಾಕಿ, ತಿಂಗಳೊಳಗೆ ಕೊಯ್ಲು. ಅವರೆಗೆ ಮಳೆಗಾಲದಲ್ಲಿ ಬೀಜ ಊರಿದರೆ ಚಳಿಗಾಲದ ಹೊತ್ತಿಗೆ ಸೊಗಡು.

ಪ್ರಶ್ನೆ (ಇನ್ನೊಬ್ಬರು): ಸರ್, ನಮ್ಮದು ಮುಖ್ಯರಸ್ತೆ ಪಕ್ಕ, ಮುಂಚೆ ಬ್ಯಾಟರಿ ರಿಪೇರಿ ಮಾಡೋ ಗ್ಯಾರೇಜ್ ಇತ್ತು. ಏನೂ ತೊಂದರೆ ಇಲ್ವಾ?

ಉತ್ತರ: ಇದೆ ಸರ್. ಬ್ಯಾಟರಿ ಅಂದರೆ ಸೀಸ (ಲೆಡ್), ಮೈಗೆ ವಿಷ. ದೇಶದಲ್ಲಿ ಸೀಸದ ಪೆಟ್ರೋಲು ನಿಂತಿದ್ದು 2000ದಲ್ಲಿ, ಹಳೇ ರಸ್ತೆ ಬದಿಯ ಮಣ್ಣಲ್ಲಿ ಆ ಸೀಸ ಇನ್ನೂ ಉಳಿದಿರಬಹುದು. ಮಣ್ಣು ಪರೀಕ್ಷೆಗೆ ಕೊಡುವಾಗ ಸೀಸ ನೋಡಿ ಅಂತ ಬೇರೆಯಾಗಿ ಹೇಳಿ, ಮಾಮೂಲಿ ಪರೀಕ್ಷೇಲಿ ಸಾರಜನಕ, ರಂಜಕ ನೋಡ್ತಾರೆ ಅಷ್ಟೆ. ಫಲಿತಾಂಶ ಬರೋವರೆಗೆ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೀಬೇಡಿ. ಕಾಯಿಗೆ ಸೀಸ ಅಷ್ಟಾಗಿ ಏರಲ್ಲ, ಆದರೂ ಬೆಂಡೆ, ಟೊಮೆಟೊ ಹಾಕೋದಾದ್ರೆ ತಳಕ್ಕೆ ದಪ್ಪ ಹಾಳೆ ಹಾಸಿ ಹೊರಗಿನ ಮಣ್ಣು ತುಂಬಿದ ಮಡೀಲೇ ಹಾಕಿ. ಮಕ್ಕಳು ಆ ಮಣ್ಣಲ್ಲಿ ಆಡೋದು ಬೇಡವೇ ಬೇಡ. ಹೂವು ಬೆಳೆದ್ರೂ ತೋಟ ತೋಟಾನೇ.

ಪ್ರಶ್ನೆ (ಮೊದಲಿನವರು): ಸರ್, ಬೆಳೆದಿದ್ದನ್ನ ಯಾರೋ ಬಂದು ಕಿತ್ಕೊಂಡು ಹೋದ್ರೆ?

ಉತ್ತರ: ಹೋಗ್ತಾರೆ. ಬೇಲಿಗೆ ಹೊಂದಿಕೊಂಡು ಕರಿಬೇವು, ದೊಡ್ಡಪತ್ರೆ ಹಾಕಿ, 'ಯಾರು ಬೇಕಾದ್ರೂ ಕಿತ್ಕೊಳ್ಳಿ' ಅಂತ ಬೋರ್ಡು ನೆಡಿ. ಒಳಗಿನ ಮಡಿಗೆ ಕೈ ಹಾಕೋರು ಕಡಿಮೆ ಆಗ್ತಾರೆ, ನಿಲ್ಲಲ್ಲ. ಅದಕ್ಕಿಂತ ದೊಡ್ಡ ಜಗಳ ನಿಮ್ಮೊಳಗೇ ಬರುತ್ತೆ: ನಾನು ನೀರು ಹಾಕಿದೆ, ಅವರು ಬದನೆ ಕೊಯ್ದರು ಅಂತ. ಒಂದೊಂದು ಮಡಿಗೂ ಮೂರು ಮನೆ ಹೊಣೆ, ಕೊಯ್ಲೂ ಅವರದ್ದೇ ಅಂತ ಮೊದಲೇ ಬರೆದಿಡಿ.

ಪ್ರಶ್ನೆ: ಹಾಗಾದ್ರೆ ಈ ಭಾನುವಾರ ಏನು ಮಾಡೋಣ? ಎಲ್ಲರೂ ಗುದ್ದಲಿ ಹಿಡ್ಕೊಂಡು ರೆಡಿ.

ಉತ್ತರ: ಈಗ ಜನವರಿ, ಗುದ್ದಲಿ ಒಳಗಿಡಿ. ಒಂದು ಮೂಲೇಲಿ ಕೋಳಿಜಾಲರಿ ಸುತ್ತಿ ಎದೆಮಟ್ಟದ ಗೂಡು ಮಾಡಿ. ಇನ್ನೇನು ಹೊಂಗೆ, ಮಳೆಮರ ಎಲೆ ಉದುರಿಸ್ತವೆ. ಎರಡು ಪಾಲು ತರಗೆಲೆಗೆ ಒಂದು ಪಾಲು ಅಡುಗೆಮನೆ ಸಿಪ್ಪೆ, ನಡುನಡುವೆ ಸಗಣಿನೀರು. ಬೇಯಿಸಿದ್ದು ಹಾಕಿದ್ರೆ ಇಲಿ ಬರುತ್ತೆ. ನಾತ ಬಂದ್ರೆ ನೀರು ಜಾಸ್ತಿ ಆಯ್ತು ಅಂತ, ಒಣ ಎಲೆ ಸೇರಿಸಿ. ಜೂನ್ ಮಳೆ ಹೊತ್ತಿಗೆ ಗೊಬ್ಬರ ಕೈಲಿರುತ್ತೆ. ನಿಮ್ಮ ಬೀದಿ ಗುಡಿಸೋ ಪೌರಕಾರ್ಮಿಕರಿಗೆ ಇವತ್ತೇ ಹೇಳಿಡಿ, ಎಲೆ ಸುಡಬೇಡಿ, ಗೂಡಿಗೆ ಹಾಕಿ ಅಂತ. ಒಂದು ಲೋಟ ಕಾಫಿನೂ ಕೊಡಿ.