‘ಪ್ಲಾಂಟೇಶನ್’ ಅಂದರೆ ಎಲ್ಲ ಕಡೆಯೂ ತೋಟವೇ?

ಎಲ್ಲರಿಗೂ ನಮಸ್ಕಾರ,

ಅಮೆರಿಕದ ಇತಿಹಾಸದ ಬಗ್ಗೆ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೇನೆ, ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡೆ. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದವರು ಕಟ್ಟಿಕೊಂಡ ಊರಿಗೆ ‘ಪ್ಲಿಮತ್ ಪ್ಲಾಂಟೇಶನ್’ ಅಂತಾರೆ. ನಾನು ಸುಮ್ನೆ ‘ಪ್ಲಿಮತ್ ತೋಟ’ ಅಂತ ಬರೆದೆ. ಮಗಳು ಓದಿ, ‘ಯಾವ ತೋಟ, ಕಾಫಿದಾ?’ ಅಂದಳು. ಬಂದ 102 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಸತ್ತರು, ಉಳಿದವರಿಗೆ ಮುಸುಕಿನ ಜೋಳ ಬಿತ್ತುವುದನ್ನು ಸ್ಕ್ವಾಂಟೊ ಎಂಬ ಅಲ್ಲಿಯ ಮೂಲನಿವಾಸಿಯೇ ಹೇಳಿಕೊಡಬೇಕಾಯಿತು. ಇನ್ನು ತೋಟ ಎಲ್ಲಿಂದ ಬಂತು!

ಆ ಕಾಲದ ಇಂಗ್ಲಿಷಿನಲ್ಲಿ ಜನರನ್ನು ಒಯ್ದು ಹೊಸ ನೆಲದಲ್ಲಿ ‘ನೆಡುವುದೂ’ ಪ್ಲಾಂಟೇಶನ್ನೇ. ಐರ್ಲೆಂಡಿನ ಅಲ್ಸ್ಟರ್‌ನಲ್ಲಿ ಇಂಗ್ಲಿಷರನ್ನೂ ಸ್ಕಾಟ್ ಜನರನ್ನೂ ತಂದು ಕೂರಿಸಿದ್ದಕ್ಕೂ ಇದೇ ಹೆಸರು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಅಧಿಕೃತ ಹೆಸರಿನಲ್ಲಿ ‘ಪ್ರಾವಿಡೆನ್ಸ್ ಪ್ಲಾಂಟೇಶನ್ಸ್’ ಅಂತ ಇತ್ತು, ಗುಲಾಮರ ನೆನಪು ತರುತ್ತದೆ ಅಂತ 2020ರಲ್ಲಿ ವೋಟು ಹಾಕಿ ತೆಗೆದರು. ಅಲ್ಲಿಯವರಿಗೇ ಈ ಪದದ ಕಾಟ ತಪ್ಪಿಲ್ಲ.

ಅಮೆರಿಕದಲ್ಲಿ ಇಂಗ್ಲಿಷರ ಇನ್ನೊಂದು ನೆಲೆಯಾದ ವರ್ಜೀನಿಯಾಕ್ಕೆ ಬಂದರೆ ತೊಡಕು ಇನ್ನೂ ಜಾಸ್ತಿ. 1607ರಲ್ಲಿ ಜೇಮ್ಸ್‌ಟೌನ್‌ಗೆ ಜನರನ್ನು ಕಳಿಸಿದ್ದು ಷೇರು ಮಾರಿ ದುಡ್ಡು ಕೂಡಿಸಿದ್ದ ವರ್ಜೀನಿಯಾ ಕಂಪನಿ. ಚಿನ್ನದ ಆಸೆ. ಚಿನ್ನ ಸಿಗಲಿಲ್ಲ, 1609–10ರ ಚಳಿಗಾಲದಲ್ಲಿ ಹಸಿವಿನಿಂದ ಸತ್ತವರೇ ಹೆಚ್ಚು. ಆಮೇಲೆ ಅಲ್ಲಿಗೆ ಬಂದಿದ್ದ ಜಾನ್ ರಾಲ್ಫ್ ಎಂಬಾತ ಹೊಗೆಸೊಪ್ಪು ಬೆಳೆದು ತೋರಿಸಿದ ಮೇಲೆ ಕಾಲು ಊರಿದರು. ಹಡಗಿನ ಖರ್ಚು ಕೊಟ್ಟು ಒಬ್ಬನನ್ನು ಕರೆತಂದರೆ 50 ಎಕರೆ ಅಂತ 1618ರಲ್ಲಿ ಕಂಪನಿ ನಿಯಮ ಮಾಡಿತು, ಮರುವರ್ಷ ಊರೂರಿನಿಂದ ಆರಿಸಿದ ಪ್ರತಿನಿಧಿಗಳ ಸಭೆಯೂ ಸೇರಿತು. ಅದೇ ವರ್ಷ ಆಫ್ರಿಕಾದಿಂದ ಹಿಡಿದು ತಂದ ಜನರನ್ನೂ ಅಲ್ಲಿ ಇಳಿಸಿದರು. ಹಾಗಾಗಿ ನನ್ನ ಮೊದಲ ಅಧ್ಯಾಯದಲ್ಲಿ ‘ಪ್ಲಾಂಟೇಶನ್’ ಅಂದರೆ ಊರು, ಮೂರನೆಯದರಲ್ಲಿ ಹೊಗೆಸೊಪ್ಪಿನ ಎಸ್ಟೇಟು.

‘ವಸಾಹತು’ ಅನ್ನಬಹುದು, ಆದರೆ ಆ ಪದ ಕೇಳಿದರೆ ನಮಗೆ ಪೀಣ್ಯ ಕೈಗಾರಿಕಾ ವಸಾಹತು ನೆನಪಾಗುತ್ತದೆ, ಇಲ್ಲವೇ ಬ್ರಿಟಿಷರ ಆಳ್ವಿಕೆ. ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯವರು ಹೆಂಡತಿ ಮಕ್ಕಳ ಸಮೇತ ಹೊಲ ಉಳಲು ಬಂದವರಲ್ಲ, ಪ್ಲಿಮತ್‌ನವರು ಹಾಗೇ ಬಂದವರು.

ನನ್ನ ಮನಸ್ಸು ‘ಒಕ್ಕಲು’ ಕಡೆಗಿದೆ. ಮನೆ ಒಕ್ಕಲು ಅಂದರೆ ಹೊಸ ಮನೆ ಸೇರುವುದು, ಒಕ್ಕಲುತನ ಅಂದರೆ ಬೇಸಾಯ, ಕಾಲೋನಿ ಪದದ ಲ್ಯಾಟಿನ್ ಬೇರೂ ಉಳುವವನೇ. ಒಕ್ಕಲು ಅಂದರೆ ದಣಿಗೆ ಬಾಕಿ ಇರುವವನು ಅಂತ ಯಾರಾದರೂ ಹೇಳಬಹುದು. ಪ್ಲಿಮತ್‌ನವರೂ ಲಂಡನ್ನಿನ ವ್ಯಾಪಾರಿಗಳ ಸಾಲ ತೀರಿಸಲು ವರ್ಷಗಟ್ಟಲೆ ದುಡಿದವರೇ, ಹಾಗಾಗಿ ಅದೂ ಹೊಂದುತ್ತದೆ. ಇನ್ನೊಂದು, ಅಲ್ಲಿ ಮೊದಲಿಂದ ಇದ್ದವರಿಗೆ ಏನಾಯಿತು ಅಂತ ಬರೆಯುವಾಗ ‘ಒಕ್ಕಲೆಬ್ಬಿಸಿದರು’ ಅನ್ನುವ ಮಾತು ಕೈಗೇ ಸಿಗುತ್ತದೆ.

‘ಪ್ಲಿಮತ್ ಒಕ್ಕಲು’ ಅಂದರೆ ಓದುವ ಮಕ್ಕಳಿಗೆ ಜಾತಿಯ ಹೆಸರಿನಂತೆ ಕೇಳಿಸೀತೇ? ನಿಮ್ಮ ಊರ ಕಡೆ ಹೊಸದಾಗಿ ಬಂದು ನೆಲೆ ನಿಂತ ಹಳ್ಳಿಗೆ ಬೇರೆ ಹೆಸರಿದ್ದರೆ ತಿಳಿಸಿ.