ಮೀನು ಹಿಡಿಯುವ ಗಾಳದ ರೀಲ್ ತೊಳೆಯುವ ವಿಡಿಯೊ: ಮನೆಯವರ ಗುಂಪಿನ ಚರ್ಚೆ

ಭಾವ: ಮೇಲೆ ಹಾಕಿರುವ ವಿಡಿಯೊವನ್ನು ಪೂರ್ತಿ ನೋಡಿ. ಉಪ್ಪುನೀರಿನಲ್ಲಿ ಬಳಸಿದ ಬೈಟ್‌ಕಾಸ್ಟಿಂಗ್ ರೀಲನ್ನು (ಗಾಳದ ದಾರ ಎಸೆದು ಮತ್ತೆ ಸುತ್ತಿಕೊಳ್ಳುವ ಸಾಧನವನ್ನು) ರಭಸವಾದ ನಲ್ಲಿ ನೀರಿನಲ್ಲಿ ತೊಳೆದು, ಮೇಲಿಂದ ಎಣ್ಣೆ ಸಿಂಪಡಿಸಿದರೆ ಸಾಕು, ಬಿಚ್ಚುವ ಅಗತ್ಯವೇ ಇಲ್ಲ ಎನ್ನುತ್ತಾರೆ. ಚೌಕಟ್ಟು ಅಲ್ಯೂಮಿನಿಯಂನದಾದರೆ ಇದಕ್ಕಿಂತ ಹೆಚ್ಚಿನ ಆರೈಕೆ ಬೇಡ ಎಂದೇ ನನ್ನ ಅಭಿಪ್ರಾಯ.

ಅಣ್ಣ: ಭಾವ, ಈ ವಿಡಿಯೊ ನೋಡಿ ನನಗೆ ನಿಜಕ್ಕೂ ಬೇಸರವಾಯಿತು, ಏಕೆಂದರೆ ಇದನ್ನು ನಂಬಿದವರ ರೀಲು ಬೇಗ ಕೆಡುತ್ತದೆ. ರಭಸದ ನೀರು ಹೊರಗಿನ ಉಪ್ಪನ್ನು ಪಕ್ಕದ ಮುಚ್ಚಳದ ಸಂದಿಯಿಂದ ಒಳಗೆ ನುಗ್ಗಿಸಿ ಬೇರಿಂಗುಗಳವರೆಗೆ ತಲುಪಿಸುತ್ತದೆ. ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ಭಾಗವನ್ನು, ಬಿಗಿ ಮಾಡಿ, ಮೆಲ್ಲಗೆ ಹರಿಯುವ ಸಿಹಿನೀರಿನಲ್ಲಿ ತೊಳೆದು, ಕೊಡವಿ, ನೆರಳಿನಲ್ಲಿ ಒಣಗಿಸಿ, ಎತ್ತಿಡುವ ಮುನ್ನ ಡ್ರ್ಯಾಗನ್ನು ಸಡಿಲಿಸಬೇಕು. ಬಿಗಿಯಾಗಿಯೇ ಬಿಟ್ಟರೆ ಅದರ ವಾಷರುಗಳು ಒತ್ತಿಕೊಂಡು ಕೂರುತ್ತವೆ. ಸಿಂಪಡಿಸಿದ ಎಣ್ಣೆಯಂತೂ ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗುತ್ತದೆ. ದಾರ ಸುತ್ತಿರುವ ಸ್ಪೂಲಿನ ವೇಗ ತಗ್ಗಿಸುವ ಸೆಂಟ್ರಿಫ್ಯೂಗಲ್ ಬ್ರೇಕಿನ ಉಂಗುರದ ಮೇಲೆ ಬಿದ್ದರೆ ಘರ್ಷಣೆ ಕಡಿಮೆಯಾಗಿ, ಎಸೆದಾಗ ಸ್ಪೂಲು ಅತಿವೇಗದಲ್ಲಿ ತಿರುಗಿ ದಾರ ಗಂಟಾಗುತ್ತದೆ.

ಚಿಕ್ಕಪ್ಪ: ಹಳೆಯ ದುಂಡು ರೀಲುಗಳಿಗೆ ಇಷ್ಟೆಲ್ಲ ಉಪಚಾರ ಬೇಕಿರಲಿಲ್ಲ. ಸ್ವೀಡನ್ನಿನ ಆಬು ಕಂಪನಿ 1952ರಲ್ಲಿ ತಂದ ಅಂಬಾಸಡೂರ್ 5000ರಂಥವು ಇಂದಿಗೂ ನೀರಿಗೆ ಇಳಿಯುತ್ತಿವೆ. ಗಟ್ಟಿ ಲೋಹವೇ ಅದಕ್ಕೆ ಕಾರಣ.

ಅಣ್ಣ: ಲೋಹದ ಪಾಲು ಇದೆ, ಚಿಕ್ಕಪ್ಪ. ಹಿತ್ತಾಳೆಯ ಗೇರು ತೂಕ ಹೆಚ್ಚಿದ್ದರೂ ಅಲ್ಯೂಮಿನಿಯಂ ಗೇರಿಗಿಂತ ನಿಧಾನವಾಗಿ ಸವೆಯುತ್ತದೆ. ಆದರೆ ಆ ರೀಲುಗಳು ಉಳಿದದ್ದು ಮುಖ್ಯವಾಗಿ ಸುಲಭವಾಗಿ ಬಿಚ್ಚಲು ಬರುತ್ತಿದ್ದುದರಿಂದ ಮತ್ತು ಸವೆದ ಭಾಗಕ್ಕೆ ಬದಲಿ ಭಾಗ ಸಿಗುತ್ತಿದ್ದುದರಿಂದ. ಲೋಹದ ಚೌಕಟ್ಟೊಂದನ್ನೇ ನಂಬಿದರೆ ಉಪ್ಪುನೀರು ಸುಮ್ಮನಿರುವುದಿಲ್ಲ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಮ್ಮನ್ನು ಮುಟ್ಟುವಲ್ಲಿ ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳಿ ಪುಡಿ ಏಳುತ್ತದೆ, ಕೊನೆಗೆ ಸ್ಕ್ರೂ ಕಚ್ಚಿಕೊಂಡು ತಿರುಗುವುದೇ ಇಲ್ಲ. ಮೆಗ್ನೀಶಿಯಂ ಚೌಕಟ್ಟಾದರೆ ಇನ್ನೂ ಕಷ್ಟ. ಸ್ಕ್ರೂವಿನ ಎಳೆಗಳಿಗೆ ಚೂರು ಗ್ರೀಸ್ ಸವರಿದ್ದರೆ ಈ ಪಾಡು ತಪ್ಪುತ್ತದೆ.

ನಾನು ಮೊದಲು ನೋಡುವುದು ಲೆವೆಲ್‌ವೈಂಡನ್ನು, ಅಂದರೆ ಗೈಡನ್ನು ಅತ್ತಿತ್ತ ಸರಿಸಿ ದಾರವನ್ನು ಸ್ಪೂಲಿನ ಮೇಲೆ ಸಮವಾಗಿ ಸುತ್ತಿಸುವ ಭಾಗವನ್ನು. ದಾರ ತನ್ನೊಡನೆ ಮರಳಿನ ಸಣ್ಣ ಕಣಗಳನ್ನು ತರುತ್ತದೆ. ಅವು ಸುರುಳಿ ದಂಡದ ತೋಡಿನಲ್ಲಿರುವ ಗ್ರೀಸಿಗೆ ಅಂಟಿ ಉಪ್ಪುಕಾಗದದಂತೆ ಉಜ್ಜತೊಡಗುತ್ತವೆ. ಆ ತೋಡಿನಲ್ಲಿ ಓಡುವ ಪಾಲ್ ಎಂಬ ಪುಟ್ಟ ತುಂಡಿನ ತುದಿ ಸವೆದರೆ, ದಾರದ ಗೈಡು ಒಂದು ಅಂಚಿಗೆ ಬಂದಾಗ ತಡವರಿಸುತ್ತದೆ, ಆಮೇಲೆ ಅಲ್ಲಿಯೇ ನಿಂತುಬಿಡುತ್ತದೆ. ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ ಎರಡೂ ಅಂಚುಗಳನ್ನು ಗಮನಿಸಿದರೆ ಇದು ಮೊದಲೇ ತಿಳಿಯುತ್ತದೆ. ಪಾಲನ್ನು ಆಗಲೇ ಬದಲಿಸಿದರೆ ದಂಡ ಉಳಿಯುತ್ತದೆ.

ಭಾವ: ಒಪ್ಪಿದೆ. ಆದರೆ ಬಿಚ್ಚಿದ ಮೇಲೆ ಸ್ಪ್ರಿಂಗ್ ಹಾರಿಹೋದರೆ ಅಥವಾ ಜೋಡಿಸುವಾಗ ಒಂದು ವಾಷರ್ ತಲೆಕೆಳಗಾದರೆ, ಸುಮ್ಮನೆ ಬಿಟ್ಟದ್ದಕ್ಕಿಂತ ಹೆಚ್ಚಿನ ನಷ್ಟವಲ್ಲವೇ?

ಅಣ್ಣ: ಅದು ನ್ಯಾಯವಾದ ಆತಂಕ. ಹಾಗೆಂದು ಪ್ರತಿ ಸಲವೂ ಪೂರ್ತಿ ಬಿಚ್ಚಬೇಕಿಲ್ಲ. ಈಗಿನ ಬಹುತೇಕ ಲೋ ಪ್ರೊಫೈಲ್ (ತಗ್ಗಾದ ಆಕಾರದ) ರೀಲುಗಳಲ್ಲಿ ಪಕ್ಕದ ಮುಚ್ಚಳ ಕೈಯಿಂದಲೇ ಕಳಚುತ್ತದೆ. ಸ್ಪೂಲನ್ನು ಹೊರತೆಗೆದು, ಬೇರಿಂಗಿಗೆ ತೆಳುವಾದ ಎಣ್ಣೆಯ ಒಂದೇ ಹನಿ ಹಾಕಿ, ಸುರುಳಿ ದಂಡವನ್ನು ಹತ್ತಿಕಡ್ಡಿಯಿಂದ ಒರೆಸಿ ಅದಕ್ಕೂ ಒಂದು ಹನಿ ಬಿಟ್ಟರೆ ಸಾಮಾನ್ಯ ಆರೈಕೆ ಮುಗಿಯಿತು. ಗೇರು ಮತ್ತು ಡ್ರ್ಯಾಗ್ ಇರುವ ಬದಿಯನ್ನು ವರ್ಷಕ್ಕೊಮ್ಮೆ, ಉಪ್ಪುನೀರಿನಲ್ಲಿ ಹೆಚ್ಚು ಬಳಸಿದರೆ ಇನ್ನೂ ಬೇಗ, ಪ್ರತಿ ಹಂತದ ಫೋಟೊ ತೆಗೆದುಕೊಂಡು ಬಿಚ್ಚಿ. ಗೇರಿನ ಹಲ್ಲುಗಳಿಗೆ ಗ್ರೀಸ್ ಹಾಕಿ. ಆದರೆ ಹಿಮ್ಮುಖ ತಡೆಯುವ ರೋಲರ್ ಬೇರಿಂಗಿಗೆ ದಪ್ಪ ಗ್ರೀಸ್ ಸೇರಿಸಬೇಡಿ. ಅದರ ರೋಲರುಗಳು ಸರಿಯಾದ ಹೊತ್ತಿಗೆ ಕಚ್ಚಿಕೊಳ್ಳದೆ ಜಾರಿದರೆ, ಮೀನು ಎಳೆದಾಗ ಹ್ಯಾಂಡಲ್ ಹಿಂದಕ್ಕೆ ತಿರುಗುತ್ತದೆ.

ಚಿಕ್ಕಪ್ಪ: ನಾನು ದುಂಡು ರೀಲನ್ನು ಬಿಡುವವನಲ್ಲ. ಪಾಲನ್ನು ಮಾತ್ರ ಇವತ್ತೇ ನೋಡುತ್ತೇನೆ.

ಭಾವ: ನನ್ನ ರೀಲಿನ ಗೈಡು ಬಲ ಅಂಚಿನಲ್ಲಿ ಆಗಾಗ ನಿಲ್ಲುತ್ತಿದೆ. ಎಣ್ಣೆ ಕಡಿಮೆಯಾಗಿದೆ ಎಂದುಕೊಂಡಿದ್ದೆ.

ಅಣ್ಣ: ಹಾಗಾದರೆ ಬಲವಂತವಾಗಿ ತಿರುಗಿಸಬೇಡಿ. ಗೈಡಿನ ಕೆಳಗಿರುವ ಪುಟ್ಟ ಮುಚ್ಚಳವನ್ನು ತಿರುಗಿಸಿದರೆ ಪಾಲ್ ಹೊರಬರುತ್ತದೆ. ಅದರ ತುದಿಯ ಫೋಟೊವನ್ನು ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಮಾದರಿಯ ಸಂಖ್ಯೆಯನ್ನೂ ಬರೆಯಿರಿ. ಬದಲಿ ತುಂಡು ಅದೇ ಮಾದರಿಯದೇ ಆಗಿರಬೇಕು.