ಸ್ಟ್ರಾಟ್-ಓ-ಮ್ಯಾಟಿಕ್ (ಕಾರ್ಡ್, ದಾಳಗಳ ಬೇಸ್‌ಬಾಲ್ ಆಟ): ಕಡಿಮೆ ದುಡ್ಡಿಗೆ ಸ್ಪೆಷಲಿಸ್ಟ್ ರಿಲೀವರ್‌ಗಳನ್ನು ಆರಿಸೋದು ಹೇಗೆ?

ಎಂಟನೇ_ಇನಿಂಗ್ಸ್:
ನಮ್ಮ ಲೀಗ್‌ನಲ್ಲಿ ಸ್ಯಾಲರಿ ಕ್ಯಾಪ್ 80 ಮಿಲಿಯನ್ ಡಾಲರ್, 162 ಪಂದ್ಯಗಳ ಸೀಸನ್, ಹಳೇ ಸೀಸನ್‌ಗಳ ಕಾರ್ಡ್‌ಗಳೂ ಸಿಗುತ್ತವೆ. ಬ್ಯಾಟರ್‌ಗಳು, ಐವರು ಸ್ಟಾರ್ಟರ್‌ಗಳು (ಪಂದ್ಯ ಶುರುಮಾಡೋ ಪಿಚರ್‌ಗಳು), ಒಬ್ಬ ಕ್ಲೋಸರ್ (ಕೊನೇ ಇನಿಂಗ್ಸ್ ಎಸೆಯೋನು) ಎಲ್ಲ ಆದ ಮೇಲೆ ಬುಲ್‌ಪೆನ್‌ನ, ಅಂದರೆ ಮಧ್ಯದಲ್ಲಿ ಬರೋ ರಿಲೀವರ್ ಪಿಚರ್‌ಗಳ, ನಾಲ್ಕು ಜಾಗಕ್ಕೆ ಉಳಿದಿರೋದು 4 ಮಿಲಿಯನ್. ಎಡ-ಬಲ ಎರಡೂ ಕಡೆಯವರನ್ನು ಕಟ್ಟಿಹಾಕೋ ಒಬ್ಬ ಒಳ್ಳೆ ರಿಲೀವರ್‌ಗೇ ಅಷ್ಟೂ ಖರ್ಚಾಗುತ್ತೆ. ಹಾಗಾಗಿ ಒಂದು ಕಡೆಗೆ ಮಾತ್ರ ಗಟ್ಟಿಯಾಗಿರೋ ಸ್ಪೆಷಲಿಸ್ಟ್‌ಗಳನ್ನು ಹುಡುಕ್ತಿದೀನಿ. ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಕೊಡೋ ಸರಾಸರಿ ರನ್) ನೋಡಿ ಆರಿಸಿದರೆ ಸಾಕಾ? ಮೊದಲು ಎಡಗೈಯವನನ್ನು ತಗೊಳ್ಳಬೇಕಾ, ಬಲಗೈಯವನನ್ನಾ? ತವರು ಮೈದಾನದ ಹೋಮ್ ರನ್ ಅಂಕಿ (20ಕ್ಕೆ) ಎಡಗೈ ಬ್ಯಾಟರ್‌ಗೆ 4, ಬಲಗೈಗೆ 15. ಪಂದ್ಯ ನಡೆಸೋದು ಕಂಪ್ಯೂಟರ್ ಮ್ಯಾನೇಜರ್. ಇಳಿದ ಪಿಚರ್ ಕನಿಷ್ಠ ಮೂವರನ್ನು ಎದುರಿಸಬೇಕು ಅಥವಾ ಇನಿಂಗ್ಸ್ ಮುಗಿಸಬೇಕು ಅನ್ನೋ ಮೂರು ಬ್ಯಾಟರ್ ನಿಯಮ ನಮ್ಮಲ್ಲಿ ಇಲ್ಲ.

ದಾಳದ_ಲೆಕ್ಕ:
ಇಆರ್‌ಎ ಬದಿಗಿಡಿ. ಅದರಲ್ಲಿ ಎರಡೂ ಕಡೆಯ ಬ್ಯಾಟರ್‌ಗಳು ಕಲಸಿಹೋಗಿರ್ತಾರೆ. ಅಲ್ಲದೆ ರಿಲೀವರ್ ಬೇಸ್ ಮೇಲೆ ಬಿಟ್ಟುಹೋದವರು ಓಡಿಬಂದರಾ ಇಲ್ಲವಾ ಅನ್ನೋದು ಅವನ ಹಿಂದೆ ಬಂದವನ ಕೈಲಿರುತ್ತೆ. ಕಾರ್ಡನ್ನೇ ಎಣಿಸಬೇಕು.

ಪಿಚರ್ ಕಾರ್ಡ್‌ನಲ್ಲಿ ಒಂದೊಂದು ಕಡೆಗೆ 4, 5, 6 ಅಂತ ಮೂರು ಕಾಲಂ. ಎರಡು ದಾಳಗಳ ಮೊತ್ತಕ್ಕೆ ಕಾಲಂಗೆ 36 ಸಾಧ್ಯತೆ, ಒಟ್ಟು 108. ಮೊತ್ತ 7 ಬರೋಕೆ 6 ದಾರಿ. 6 ಮತ್ತು 8ಕ್ಕೆ 5. 5 ಮತ್ತು 9ಕ್ಕೆ 4. ಹೀಗೇ ಇಳಿಯುತ್ತಾ 2 ಮತ್ತು 12ಕ್ಕೆ ಒಂದೊಂದೇ. 8ರ ಎದುರು ‘ಸಿಂಗಲ್ 1–12’ ಅಂತಿದ್ದರೆ (20 ಮುಖದ ದಾಳದಲ್ಲಿ 1ರಿಂದ 12 ಬಂದರೆ ಸಿಂಗಲ್, ಅಂದರೆ ಒಂದು ಬೇಸ್‌ನ ಹಿಟ್) 5ನ್ನು 12/20ರಿಂದ ಗುಣಿಸಿ, 3 ಸಿಕ್ಕಿತು. ಹಿಟ್‌ಗಳನ್ನೂ ವಾಕ್‌ಗಳನ್ನೂ (ನಾಲ್ಕು ಕೆಟ್ಟ ಚೆಂಡಿಗೆ ಸಿಗೋ ಪುಕ್ಕಟೆ ಬೇಸ್) ಹೀಗೆ ಕೂಡಿದರೆ ಆ ಕಡೆಯ ಬ್ಯಾಟರ್ ಬೇಸ್ ತಲುಪೋ ಅವಕಾಶ ಎಷ್ಟು ಅಂತ ಗೊತ್ತಾಗುತ್ತೆ. ಬಾಲ್‌ಪಾರ್ಕ್ ಹೋಮ್ ರನ್‌ನ ವಜ್ರ ಗುರುತುಗಳನ್ನು (ಹೋಮ್ ರನ್ನೋ ಔಟೋ ಅನ್ನೋದು ಮೈದಾನದ ಅಂಕಿ ಮೇಲೆ ತೀರ್ಮಾನ ಆಗೋವು) ಇದರಲ್ಲಿ ಸೇರಿಸದೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು: ಈ 108ರಲ್ಲಿ 30 ಸಾಧ್ಯತೆ ಫೀಲ್ಡರ್‌ಗಳ ಪಾಲು, ಅದು ಎಲ್ಲಾ ಪಿಚರ್‌ಗೂ ಒಂದೇ. ಶಾರ್ಟ್‌ಸ್ಟಾಪ್‌ಗೆ 7, ಸೆಕೆಂಡ್ ಬೇಸ್‌ಗೆ 6. ಆ ಎರಡು ಜಾಗದಲ್ಲಿ ಸೋರ್ತಾ ಇದ್ದರೆ ಎಂಥ ಸ್ಪೆಷಲಿಸ್ಟ್ ತಂದರೂ ಪ್ರಯೋಜನ ಅಷ್ಟಕ್ಕಷ್ಟೇ.

ಸೈಡ್‌ಆರ್ಮ್:
ನನ್ನ ಮಟ್ಟಿಗೆ ಮೊದಲು ಬಲಗೈ ಬ್ಯಾಟರ್‌ಗಳನ್ನು ಕಟ್ಟಿಹಾಕೋ ಬಲಗೈಯವನು, ಅದರಲ್ಲೂ ಸೈಡ್‌ಆರ್ಮ್ (ತೋಳನ್ನು ಪಕ್ಕದಿಂದ ಬೀಸಿ) ಅಥವಾ ಸಬ್‌ಮರೀನ್ (ಇನ್ನೂ ಕೆಳಗಿಂದ ಬೀಸಿ) ಎಸೆಯೋನು. ಎಡಗೈ ಸ್ಪೆಷಲಿಸ್ಟ್ ಅಂದ ತಕ್ಷಣ ಎಲ್ಲರೂ ಮುಗಿಬೀಳ್ತಾರೆ, ಆದರೆ ಸಾಮಾನ್ಯವಾಗಿ ಬಲಗೈ ಬ್ಯಾಟರ್‌ಗಳೇ ಹೆಚ್ಚು ಎದುರಾಗೋದು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮೈದಾನದಲ್ಲಿ ಬಲಗೈಯವರ ಅಂಕಿ 15. ಬಲಗಡೆಗೆ 8 ವಜ್ರ ಇರೋ ಪಿಚರ್ ಅಲ್ಲಿ 6 ಹೋಮ್ ರನ್ ಅವಕಾಶ ಕೊಡ್ತಾನೆ. ಅದೇ 8 ವಜ್ರ ಎಡಗಡೆಗಿದ್ದರೆ 4/20ರ ಲೆಕ್ಕದಲ್ಲಿ 1.6 ಮಾತ್ರ, ಉಳಿದದ್ದೆಲ್ಲ ಕ್ಯಾಚ್. ಅಂದರೆ ಎಡಗೈ ಬ್ಯಾಟರ್‌ಗಳನ್ನು ಅರ್ಧ ನಿಮ್ಮ ಮೈದಾನವೇ ಹಿಡಿದುಕೊಳ್ಳುತ್ತೆ. ದುಡ್ಡು ಹಾಕಬೇಕಾದದ್ದು ಇನ್ನೊಂದು ಕಡೆಗೆ.

ಚಾಡ್ ಬ್ರಾಡ್‌ಫೋರ್ಡ್, ಬ್ರಾಡ್ ಜೀಗ್ಲರ್, ಡ್ಯಾರೆನ್ ಓಡೇ ಇವರ ಕಾರ್ಡ್‌ಗಳಿಂದ ಶುರುಮಾಡಿ. ಎಡಗೈಯಲ್ಲಿ ರ‍್ಯಾಂಡಿ ಚೋಟ್, ಹಾವಿಯೆರ್ ಲೋಪೆಜ್, ಮೈಕ್ ಮೈಯರ್ಸ್. ಹೆಸರು ನೋಡಿ ಕೊಳ್ಳಬೇಡಿ, ಸೀಸನ್ ನೋಡಿ ಕೊಳ್ಳಿ. ಒಬ್ಬನದೇ ಕಾರ್ಡ್ ವರ್ಷದಿಂದ ವರ್ಷಕ್ಕೆ ಅಜಗಜಾಂತರ ಇರುತ್ತೆ. ಚೋಟ್ 2010ರಲ್ಲಿ ಟ್ಯಾಂಪಾ ಬೇ ಪರ 85 ಪಂದ್ಯ ಆಡಿಯೂ 45 ಇನಿಂಗ್ಸ್ ಮುಟ್ಟಲಿಲ್ಲ. ಅಷ್ಟು ಕಡಿಮೆ ಬ್ಯಾಟರ್‌ಗಳ ಮೇಲೆ ಕಾರ್ಡ್ ತಯಾರಾದರೆ ಒಳ್ಳೇ ಕಡೆ ತುಂಬಾ ಒಳ್ಳೇದು, ಕೆಟ್ಟ ಕಡೆ ತೀರಾ ಕೆಟ್ಟದ್ದು ಆಗೋ ಸಂಭವ ಜಾಸ್ತಿ. ನಮಗೆ ಬೇಕಾದದ್ದೂ ಅದೇ: ಬೆಲೆ ಎರಡು ಕಡೆಯನ್ನೂ ಬೆರೆಸಿ ನಿಗದಿಯಾಗುತ್ತೆ, ಬಳಸೋದು ಒಂದೇ ಕಡೆ. ಎಂಎಲ್‌ಬಿಯಲ್ಲಿ (ಅಮೆರಿಕದ ಮೇಜರ್ ಲೀಗ್) ಮೂರು ಬ್ಯಾಟರ್ ನಿಯಮ ಬಂದದ್ದು 2020ರಲ್ಲಿ. ಇಂಥ ಎಡಗೈಯವರನ್ನು ಅದಕ್ಕಿಂತ ಹಿಂದಿನ ಸೀಸನ್‌ಗಳಲ್ಲೇ ಹುಡುಕಿ.

ಎಂಟನೇ_ಇನಿಂಗ್ಸ್:
ಎಣಿಸಿದೆ. ಬಲಗೈಯವನೊಬ್ಬ 0.8 ಮಿಲಿಯನ್‌ಗೆ ಸಿಗ್ತಾನೆ: ಬಲಗಡೆಗೆ 14 ಅವಕಾಶ, 2 ವಜ್ರ, ಎಡಗಡೆಗೆ 44 ಅವಕಾಶ, 7 ವಜ್ರ. ಇನ್ನೊಬ್ಬನಿಗೆ ಎರಡೂ ಕಡೆ 27, ಬೆಲೆ 1.7. ಎಡಗಡೆಯ 44 ನೋಡಿದರೆ ಭಯ ಆಗುತ್ತೆ.

ದಾಳದ_ಲೆಕ್ಕ:
ಇಬ್ಬರೂ ಸರಿಸಮ ಆಗೋ ಜಾಗ ಕಂಡುಕೊಳ್ಳಿ. ಅಗ್ಗದವನ ಎರಡು ಕಡೆಗೂ ಇರೋ ಅಂತರ 30. 44ರಿಂದ 27ಕ್ಕೆ ಇಳಿಯಬೇಕಾದದ್ದು 17. 17/30 ಅಂದರೆ ಸುಮಾರು 57%. ಅವನು ಎದುರಿಸೋ ನೂರರಲ್ಲಿ 57 ಜನ ಬಲಗಡೆಯಿಂದ ಆಡಿದರೆ ಇಬ್ಬರೂ ಒಂದೇ. 80 ಆದರೆ ನಿಮ್ಮ ಅಗ್ಗದವನದು 20 ಅವಕಾಶಕ್ಕೆ ಇಳಿಯುತ್ತೆ, ಅದೂ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ. ಅವನನ್ನೇ ತಗೊಳ್ಳಿ.

ಸ್ವಿಚ್ ಹಿಟರ್‌ಗಳನ್ನು ಮಾತ್ರ ಸರಿಯಾಗಿ ಲೆಕ್ಕಕ್ಕೆ ಹಿಡಿಯಿರಿ. ಬಲಗೈ ಪಿಚರ್ ಎದುರು ಅವರು ಎಡಗೈ ಬ್ಯಾಟರ್, ಎಡಗೈ ಪಿಚರ್ ಎದುರು ಬಲಗೈ ಬ್ಯಾಟರ್. ನಿಮ್ಮ ಡಿವಿಷನ್ ತಂಡಗಳಲ್ಲಿ ಅವರು ಮೂರ್ನಾಲ್ಕು ಜನ ಇದ್ದರೆ ಯಾವ ಸ್ಪೆಷಲಿಸ್ಟ್‌ನ ಬೆಲೆಯೂ ಅಲ್ಲಿಗೆ ಬಿತ್ತು. ಹಾಗೇ ಹೋಲ್ಡ್ ಅಂಕಿ (ಬೇಸ್ ಕದಿಯೋ ಓಟಗಾರರನ್ನು ಪಿಚರ್ ಎಷ್ಟು ತಡೀತಾನೆ ಅನ್ನೋ ಅಳತೆ, ಹೆಚ್ಚಿದ್ದಷ್ಟೂ ಕೆಟ್ಟದು) ನೋಡಿ. ಸಬ್‌ಮರೀನ್‌ನವರು ಚೆಂಡು ಬಿಡೋಕೆ ಹೊತ್ತು ತಗೊಳ್ಳೋದರಿಂದ ಹಲವರದು +4, +5 ಇರುತ್ತೆ. ಬೇಸ್ ಮೇಲೆ ಓಟಗಾರ ಇದ್ದಾಗಲೇ ಇವರನ್ನು ಇಳಿಸೋದು, ಹಾಗಾಗಿ ಕದಿಯೋರಿಗೆ ಅದು ಹಬ್ಬ. ಒಳ್ಳೇ ತೋಳಿನ ಕ್ಯಾಚರ್ ಇಲ್ಲದಿದ್ದರೆ +3 ದಾಟಬೇಡಿ. ಅದನ್ನು ಸರಿದೂಗಿಸೋಕೆ ಡಬಲ್ ಪ್ಲೇ (ಒಂದೇ ಚೆಂಡಿಗೆ ಇಬ್ಬರು ಔಟ್) ಕೊಡೋ ‘ಎ’ ದರ್ಜೆಯ ಗ್ರೌಂಡ್ ಬಾಲ್ ಎಷ್ಟಿವೆ ಅಂತಲೂ ಎಣಿಸಿ.

ಲಾಂಗ್‌ಮ್ಯಾನ್:
ಇಲ್ಲಿವರೆಗೆ ಯಾರೂ ಇನಿಂಗ್ಸ್ ಲೆಕ್ಕ ಎತ್ತಿಲ್ಲ, ಇಂಥ ಬುಲ್‌ಪೆನ್‌ಗಳು ಮುಗ್ಗರಿಸೋದು ಅಲ್ಲೇ. 162 ಪಂದ್ಯ ಅಂದರೆ ಹೆಚ್ಚುಕಡಿಮೆ 1458 ಇನಿಂಗ್ಸ್. ಸ್ಟಾರ್ಟರ್‌ಗಳು ಸರಾಸರಿ 6 ಎಸೆದರೆ 972, ಉಳಿದದ್ದು 486. ಕ್ಲೋಸರ್‌ಗೆ 80, ಇಬ್ಬರು ಸ್ಪೆಷಲಿಸ್ಟ್‌ಗೆ ತಲಾ 60 ಕೊಟ್ಟರೂ ಇನ್ನೂ 286 ಬಾಕಿ. ನಾಲ್ಕೂ ಜಾಗಕ್ಕೆ ಸ್ಪೆಷಲಿಸ್ಟ್‌ಗಳನ್ನೇ ತುಂಬಿದರೆ ಇದನ್ನು ಎಸೆಯೋರು ಯಾರು? ಆರ್1 (ಒಂದೇ ಇನಿಂಗ್ಸ್ ತಾಳೋ) ಪಿಚರ್ ಎರಡನೇ ಇನಿಂಗ್ಸ್‌ಗೆ ಹೋದರೆ ದಣೀತಾನೆ, ಆಗ ಕಾರ್ಡ್‌ನಲ್ಲಿ ಚುಕ್ಕೆ ಇರೋ ಔಟ್‌ಗಳು ಸಿಂಗಲ್ ಆಗಿಬಿಡುತ್ತವೆ.

ಹಾಗಾಗಿ ಸ್ಪೆಷಲಿಸ್ಟ್ ಇಬ್ಬರೇ ಸಾಕು. 0.8ರ ಆ ಬಲಗೈಯವನು, 0.6ರ ಆಸುಪಾಸಿನ ಒಬ್ಬ ಎಡಗೈಯವನು. ಉಳಿದ 2.6 ಮಿಲಿಯನ್‌ನಲ್ಲಿ ಆರ್3 ಅಥವಾ ಆರ್4 ಇರೋ ಇಬ್ಬರು, ಅವರಲ್ಲಿ ಒಬ್ಬ ಸ್ಟಾರ್ಟ್ ಕೂಡ ಮಾಡಬಲ್ಲವನಾದರೆ ಇನ್ನೂ ಚೆನ್ನ. ಈ ಇಬ್ಬರಿಗೆ ಹೋಮ್ ರನ್ ಕಡಿಮೆ ಇರಲಿ, ವಾಕ್ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತೆ.

ಎಡಗೈಯವನ ಕೆಟ್ಟ ಕಡೆಯನ್ನೂ ಒಮ್ಮೆ ನೋಡಿ. ಅವನು ಇಳಿದ ಕೂಡಲೇ ಎದುರಾಳಿ ಬಲಗೈ ಪಿಂಚ್ ಹಿಟರ್‌ನನ್ನು (ಬದಲಿ ಬ್ಯಾಟರ್) ಕಳಿಸೋದು ಗ್ಯಾರಂಟಿ, ಅದೂ ನಿಮ್ಮ 15 ಅಂಕಿಯ ಮೈದಾನದಲ್ಲಿ. ಬಲಗಡೆಗೆ 40 ಅವಕಾಶ ಇದ್ದು ಅದರಲ್ಲಿ ಅರ್ಧ ವಾಕ್ ಆಗಿದ್ದರೆ ತಡ್ಕೋಬಹುದು. ವಜ್ರ 5 ದಾಟಿದರೆ ಬೇರೆಯವನನ್ನು ನೋಡಿ.

ಸೆಟ್ಟಿಂಗ್ಸ್: ಬಲಗೈಯವನಿಗೆ ‘ಎಡಗೈ ಬ್ಯಾಟರ್ ತಪ್ಪಿಸು’, ಎಡಗೈಯವನಿಗೆ ಅದರ ತಿರುಗಾಮುರುಗಾ. ಇಬ್ಬರನ್ನೂ ಸೆಟಪ್ (ಕ್ಲೋಸರ್‌ಗೆ ಮುಂಚಿನ) ಜಾಗದಲ್ಲಿ ಆಯಾ ಕಡೆಗೆ ಮಾತ್ರ ಹಾಕಿ. ಲಾಂಗ್ ರಿಲೀಫ್‌ಗೆ (ಹೆಚ್ಚು ಇನಿಂಗ್ಸ್ ಎಸೆಯೋ ಜಾಗಕ್ಕೆ) ಆರ್3, ಆರ್4 ಇರೋ ಇಬ್ಬರ ಹೆಸರನ್ನೇ ಸ್ಪಷ್ಟವಾಗಿ ಕೊಡಿ. ಆ ಜಾಗ ಖಾಲಿ ಬಿಟ್ಟರೆ ಐದನೇ ಇನಿಂಗ್ಸ್‌ನಲ್ಲೇ ಸ್ಪೆಷಲಿಸ್ಟ್ ಖರ್ಚಾಗಿ, ಎಂಟನೇದಕ್ಕೆ ಬೇಕಾದಾಗ ಇರೋದಿಲ್ಲ. ಮೊದಲ ಹತ್ತು ಪಂದ್ಯದ ಪ್ಲೇ-ಬೈ-ಪ್ಲೇ (ಒಂದೊಂದು ಬ್ಯಾಟರ್‌ನ ವಿವರ) ತೆಗೆದು, ಬಲಗೈಯವನು ಎದುರಿಸಿದವರಲ್ಲಿ ಬಲಗಡೆಯಿಂದ ಆಡಿದವರೆಷ್ಟು ಅಂತ ಎಣಿಸಿ. 57%ಗಿಂತ ಕೆಳಗಿದ್ದರೆ ಸೆಟಪ್ ಜಾಗದಿಂದ ತೆಗೆದು ಏಳನೇ ಇನಿಂಗ್ಸ್‌ಗೆ ಮುಂಚೆ ಬಳಸದ ಹಾಗೆ ಮಿತಿ ಹಾಕಿ.